ಮಹಜರು

ಮಹಜರಿನಲ್ಲಿದೆ: ಸಮಯ ಹನ್ನೊಂದೂಕಾಲು,
ರಸ್ತೆ ನೇರ, ಬೆಳಕು ಸ್ಪಷ್ಟ, ಚಾಲಕನ ಅತಿವೇಗ.

ಗಾಡಿ ಮಗುಚಿದ್ದು ಆರಕ್ಕೆ.
ಹಾನುಬಾಳು ದಾಟಿದ ಮೇಲೆ ಡಿಸೆಂಬರಿನ ಮಂಜು,
ಹೆಡ್‌ಲೈಟು ಹಾಕಿದರೆ ಮೂತಿಗೇ ಬಿಳಿ ಗೋಡೆ.
ಕ್ಲೀನರ್ ಇಸುಬು ಎಡಗಿಟಕಿಯಿಂದ ತಲೆ ಹೊರಹಾಕಿ
ಬಲಕ್ಕೆ, ಇನ್ನೂ ಬಲಕ್ಕೆ ಅನ್ನುತ್ತಿದ್ದ.
ಎರಡನೇ ಗೇರು. ಮೋರಿ ಕಂಡದ್ದು
ಟೈರಿಗೆ, ನನಗಲ್ಲ.
ಎಂಬತ್ತು ಟ್ರೇ ಮೊಟ್ಟೆ.

ಸಕಲೇಶಪುರದ ಕೋರ್ಟಿನಲ್ಲಿ ವಕೀಲರ ಪಿಸುಮಾತು:
ಒಪ್ಪಿಕೊಂಡುಬಿಡಿ ಮಂಚೇಗೌಡ್ರೇ, ಸಾವಿರದಲ್ಲಿ ಮುಗಿಯುತ್ತೆ,
ನಾಲ್ಕು ವಾಯಿದೆಗೆ ಬಸ್ ಚಾರ್ಜೇ ಅಷ್ಟಾಗುತ್ತೆ.
ಆಗುತ್ತೆ.

‘ತಪ್ಪೊಪ್ಪಿಗೆ ಇದೆಯಾ?’
‘ಇಲ್ಲ ಸ್ವಾಮಿ.’
‘ಸಾಕ್ಷಿ?’

ಕಿಟಕಿಯಾಚೆ ಬಿಸಿಲು,
ಮರದ ಎಲೆ ಎಣಿಸಬಹುದು.
ಮಹಜರು ಬರೆದ ಪೇದೆ ಮೂಲೆಯಲ್ಲಿ ನಿಂತು
ಕುತ್ತಿಗೆಯ ಮಫ್ಲರು ಬಿಚ್ಚಿ ಕೊಡವಿದ,
ಇನ್ನೂ ಒದ್ದೆ.