ಗೋಡಿ ಮ್ಯಾಲಿನ ಗೀಟು

ಗುಳೇದಗುಡ್ಡದಾಗ ಮೂವತ್ತು ವರ್ಷ ಖಣಾ ನೇದಾಕಿ ನಾ,
ಊರೂರ ಹೆಣ್ಣಮಕ್ಕಳ ಎದಿ ಮುಚ್ಚೂ ಅರಿವಿ.
ಎಡಗಡೇದು ತಗದು, ಹೊಲದು, ಮನಿಗೆ ಕಳಿಸಿದ ಮ್ಯಾಲ
ಕುಣಿಯೊಳಗ ಕಾಲು ಇಳಿಬಿಟ್ಟು ಕುಂತೆ.
ಬಲಗೈ ಹಗ್ಗಾ ಜಗ್ಗತೈತಿ, ಲಾಳಿ ಓಡತೈತಿ,
ಹಲಗಿ ಬಡಿಯೂ ಕೈ ಮಾತ್ರ
ಅರ್ಧಾ ದಾರ್ಯಾಗ ನಿಂತಬಿಡತೈತಿ,
ಬೀಗರ ಹೊಸ್ತಿಲದಾಗ
ಒಳಗ ಬಾ ಅನ್ಲಿ ಅಂತ ನಿಂತಾಕಿ ಹಂಗ.

ಬಾಗಲಕೋಟಿ ದವಾಖಾನಿ, ಮೂರನೇ ಮಾಳಿಗಿ.
ಇತ್ತಾಗ ಸಲಾಯಿನ್ ಹಚ್ಚೂ ಖೋಲಿ,
ಅತ್ತಾಗ ಉದ್ದನ್ನ ಪಡಸಾಲಿ, ಏಳು ಚಾಪಿ.
ಜೈಬುನ್ನಿಸಾ ಟೀಚರ್ ಮೊದಲನೇ ದಿನಾನ ಅಂದ್ರು:
"ಇದು ಗಡ್ಡಿ ಕರಗಸೂದಿಲ್ಲ ಯವ್ವಾ.
ಗಡ್ಡಿ ಡಾಕ್ಟರ್ ಪಾಲಿಂದು.
ಉಳಿದ ಮೈ ನಿಮ್ಮ ಪಾಲಿಂದು."

ಆ ಮಾತು ನನಗ ಹಿಡಿಸ್ತು.
ಯಾಕಂದ್ರ ಮೈದುನ ಮಾನಿಂಗಪ್ಪ
ಫೋನಿನ್ಯಾಗ ಯಾರದೋ ಭಾಷಣಾ ಕೇಳಿ
"ಸೂಜಿ ಬಿಡು ವೈನಿ,
ಬರೇ ಉಸಿರಿನ್ಯಾಗ ಗುಣಾ ಆಗತೈತಂತ" ಅಂದಿದ್ದ.
ಹಾಸು ಇಲ್ಲದ ಬರೇ ಹೊಕ್ಕಿನ್ಯಾಗ
ಅರಿವಿ ಆಗತೈತೇನೋ ತಮ್ಮಾ? ಅಂದೆ.
ನೇಕಾರ್ರ ಮಗಾ, ಸುಮ್ಮನಾದ.

ಗೋಡಿ ಹಂತ್ಯಾಕ ಮಗ್ಗಲಾಗಿ ನಿಂದ್ರೂದು,
ಎರಡು ಬಟ್ಟು ಇರುವಿ ನಡದಂಗ ಏರಸೂದು,
ಉಸಿರು ತಗೋತ ಏರೂದು, ಬಿಡಕೋತ ನಿಂದ್ರೂದು.
ನೋವು ಎಲ್ಲಿ ಸಾಕು ಅಂತೈತಿ
ಅಲ್ಲಿ ಸೀಮಿಸುಣ್ಣದ ಒಂದು ಗೀಟು.
ನನ್ನ ಮೊದಲನೇ ಗೀಟು ಸಣ್ಣ ಹುಡುಗರು ಗೀಚೂವಷ್ಟು ಕೆಳಗ.

ಶವಾಸನ ಅಂದಾಗ ಮಾತ್ರ ಯಾರೂ ಮಲಗಲಿಲ್ಲ.
ಕೆರೂರಿನ ಕಲ್ಲವ್ವ ಸೆರಗು ಬಿಗದು ಕುಂತಲ್ಲೇ
"ಅದನ್ನ್ಯಾಕ ಕಲಸ್ತೀರಿ ಬಾಯಾರ,
ಅದು ಕಲೀದನ ಬರತೈತಿ" ಅಂದಳು.
ಹೊಲಿಗಿ ಹಿಡಕೊಂಡು ನಕ್ಕಿವಿ, ಏಳೂ ಮಂದಿ.
ಟೀಚರ್ ಕಣ್ಣ ಒರಸಿಕೊಂಡು ಹೆಸರ ಬದಲಿಸಿದ್ರು:
ಉಂಡ ಮ್ಯಾಲಿನ ಆಸನ.
ಅವತ್ತಿಂದ ಎಲ್ಲಾರೂ ಮಲಗಿದಿವಿ.
ಕಲ್ಲವ್ವ ಗೊರಕಿನೂ ಹೊಡೀತಿದ್ಲು.

ಈಗ ಆರು ಚಾಪಿ ಹಾಸ್ತಾರ.
ಏಳನೇದು ಸುತ್ತಿ ಮೂಲ್ಯಾಗ ನಿಲ್ಲಿಸ್ಯಾರ,
ಅದರ ಸುದ್ದಿ ಯಾರೂ ತಗ್ಯೂದಿಲ್ಲ.
ಆಕಿ ಗೀಟು ಗೋಡಿ ಮ್ಯಾಲೈತಿ,
ನನ್ನದಕ್ಕಿಂತ ನಾಕು ಬಟ್ಟು ಮ್ಯಾಲ.
ಬಣ್ಣಾ ಹಚ್ಚಾವರು ಬಂದಾಗ
ಆ ಗೋಡಿ ಬ್ಯಾಡ ಅಂದ್ರಂತ ಟೀಚರ್.

ರಾತ್ರಿ ನಿದ್ದಿ ಬರದಾಗ ಉಸಿರು ಎಣಸ್ತೀನಿ.
ನಾಕಕ್ಕ ತಗೊ, ಆರಕ್ಕ ಬಿಡು.
ಹೆದರಿಕಿ ಹೋಗೂದಿಲ್ಲ,
ಸ್ವಲ್ಪ ಸರದು ಕುಂಡರತೈತಿ, ನನಗ ಜಾಗಾ ಬಿಟ್ಟು.

ನಿನ್ನೆ ಹಲಗಿ ಬಡದೆ.
ತಗೋತ ಚಾಚಿದೆ, ಬಿಡಕೋತ ಜಗ್ಗಿದೆ.
ಮೂರು ಬಟ್ಟು ಖಣಾ ಆತು.
ಒಂದ ಕಡೆ ಹೊಕ್ಕು ಸಡ್ಲ ಐತಿ, ಬಿಚ್ಚಲಿಲ್ಲ.
ಅದು ಮಾರಾಕಲ್ಲ, ನನ್ನ ಕುಪ್ಪಸಕ್ಕ.
ಅಳತಿ ಹೆಂಗ ಕೊಡ್ಲಿ ದರ್ಜಿಗೆ
ಅನ್ನೂದು ಇನ್ನಾ ತಿಳದಿಲ್ಲ.

ನಾಳೆ ಆರೂವರಿ ಬಸ್ಸು.
ಮೊದಲ ಸಲಾಯಿನ್.
ಆಮ್ಯಾಲ ಗೋಡಿ.