ಎರಡು ಉಸಿರಿನಷ್ಟು

ರಂಗದ ಅಂಚಿನ ಗೂಡಿನಲ್ಲಿ
ಇಪ್ಪತ್ತೆಂಟು ವರ್ಷ ಕೂತವಳು ನಾನು,
ಕುಟೈಸಿ ಊರಿನ ನಾಟಕಶಾಲೆಯಲ್ಲಿ.
ಮಾತು ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ;
ಸಂಬಳ ಕಮ್ಮಿ, ಧೂಳು ಜಾಸ್ತಿ.
ವಾರ್ಲಾಮ್ ಕಿಕ್ನಾಡ್ಜೆಯನ್ನು ನೀವೆಲ್ಲ ಮುಖದಿಂದ ಬಲ್ಲಿರಿ.
ನನಗೆ ಅವನ ಗುರುತು ಬೂಟಿನಿಂದ:
ಎಡಗಾಲಿನದರ ಅಟ್ಟೆ ಸವೆದು
ಒಳಗೆ ಮಡಚಿಟ್ಟ ಹಳೇ ಪೇಪರು.

ಅವನ ಸ್ಟೇಷನ್ ಮಾಸ್ತರ ನಿಮಗೆ ಗೊತ್ತು.
ರೈಲೇ ಬಾರದ ನಿಲ್ದಾಣ, ಕಾದು ಕಾದು ಸಿಡುಕುವ ಜನ,
ಮೂಟೆ, ಕೋಳಿ, ಒಬ್ಬಳು ತುಂಬುಬಸುರಿ.
ಕೋಟಿನ ಗುಂಡಿಯನ್ನು ತಪ್ಪು ಕಾಜಕ್ಕೆ ತೂರಿಸುತ್ತ
ಅವನು ಹಳಿಯತ್ತ ನೋಡುತ್ತಾನೆ. ನೋಡುತ್ತಲೇ ಇರುತ್ತಾನೆ.
ಸುಮ್ಮನೆ.
ಎರಡು ಉಸಿರಿನಷ್ಟು.
ಆಮೇಲೆ, ಬೇರೆ ಯಾರದೋ ವಿಷಯವೆಂಬಂತೆ:
"ಬರುತ್ತೆ. ಬರದೆ ಎಲ್ಲಿಗೆ ಹೋದೀತು?"

ಬರೆದ ಪುಟದಲ್ಲಿ ಆ ಮೌನ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ನಾನೇ ಗುರುತು ಹಾಕಿಕೊಂಡೆ,
ಎರಡು ಸಣ್ಣ ಗೆರೆ, ಗುಬ್ಬಿ ಕಾಲಿನ ಹಾಗೆ.
ಮೊದಮೊದಲು, ಮರೆತನೆಂದೇ ಬಗೆದು ಒಮ್ಮೆ ಪಿಸುಗುಟ್ಟಿಬಿಟ್ಟಿದ್ದೆ;
ಪರದೆ ಬಿದ್ದ ಮೇಲೆ ಗೂಡಿನೊಳಗೆ ಮುಖ ತೂರಿ ಅಂದ:
"ಮಖ್ವಾಲಾ, ಅದು ನನ್ನ ಊಟದ ಹೊತ್ತು. ಕರೆಯಬೇಡ."

ಆಮೇಲೆ ಕರೆಂಟಿಲ್ಲದ ಚಳಿಗಾಲಗಳು ಬಂದವು.
ಟಿಕೇಟಿಗೆ ದುಡ್ಡಲ್ಲ, ಒಂದು ಮೇಣದಬತ್ತಿ,
ಇಲ್ಲವೇ ಒಂದು ಕೊರಡು ಸೌದೆ.
ಜನ ಕಂಬಳಿ ಹೊದ್ದು ಕೂತರು; ನಕ್ಕಾಗ
ಸಾಲು ಸಾಲಾಗಿ ಬಾಯಿಂದ ಹಬೆ ಏಳುವುದು.
ನಗು ಕಣ್ಣಿಗೂ ಕಾಣುತ್ತದೆಂದು ನಾನು ತಿಳಿದದ್ದು ಆಗ.
ಬೀದಿಯಲ್ಲಿ ರೊಟ್ಟಿಯ ಸಾಲು ಮೂಲೆ ತಿರುಗಿ ರಿಯೋನಿ ನದಿಯವರೆಗೆ.
ಒಬ್ಬ ತನ್ನ ಗುಂಡಿ ಹಿಡಿದು ಸುಮ್ಮನಾದರೆ ಸಾಕು,
ಹಿಂದಿನವನು ಮುಗಿಸುವನು: "ಎಲ್ಲಿಗೆ ಹೋದೀತು?"
ರೊಟ್ಟಿ ಎಷ್ಟೋ ದಿನ ಬರಲಿಲ್ಲ. ಅದೂ ನಿಜ.
ನಗೆಯಿಂದಲೇ ಹೊಟ್ಟೆ ತುಂಬಿತೆನ್ನುವವರನ್ನು
ನಾನು ನಂಬುವುದಿಲ್ಲ.

ಕೊನೆಯ ವರ್ಷದ ಮಾತು ಈಗ ಹೇಳಬಹುದು.
ನವೆಂಬರಿನ ಒಂದು ಗುರುವಾರ. ಗುಂಡಿ, ಹಳಿ, ನೋಟ.
ಒಂದು ಉಸಿರು, ಎರಡು. ಮೂರು. ಐದು.
ಜನ ನಗತೊಡಗಿದರು. ಏಳು. ಇನ್ನೂ ನಕ್ಕರು,
ಬಾಲ್ಕನಿಯಲ್ಲಿ ಯಾರೋ ಕಟಕಟೆ ಬಡಿದರು.
ಎಡಗಾಲಿನ ಬೂಟು ನಡುಗುತ್ತಿತ್ತು,
ನನ್ನ ಕಣ್ಣಿಗೆ ಒಂದೇ ಮೊಳ ದೂರದಲ್ಲಿ.
ಅವನು ತಲೆ ತಗ್ಗಿಸಿ ನನ್ನನ್ನು ನೋಡಿದ,
ತನ್ನದೇ ಮನೆಯ ಬಾಗಿಲಲ್ಲಿ
ಕೀಲಿಗಾಗಿ ಜೇಬು ತಡಕುವವನ ಹಾಗೆ.
"ಬರುತ್ತೆ," ಅಂದೆ ನಾನು, ಮೆಲ್ಲಗೆ.
ಕೇಳಿಸಿಕೊಂಡ. ಜನರತ್ತ ತಿರುಗಿ,
ಗೂಡಿನತ್ತ ಬೆರಳು ತೋರಿ,
"ಬರುತ್ತಂತೆ," ಎಂದ.

ಸೂರು ಹಾರುವ ನಗೆ.
ಆ "ಅಂತೆ"ಯನ್ನು ಪುಟದಲ್ಲಿ ನಾನು ಬರೆದುಕೊಳ್ಳಲಿಲ್ಲ.

ಈಗ ಅವನ ಹೆಸರಿನ ಬೀದಿಯಿದೆ, ಹೊಂಡ ಬಿದ್ದು.
ಕಂಚಿನ ಪ್ರತಿಮೆಗೆ ಮೂಗು ಸರಿ ಬಂದಿಲ್ಲ;
ಗುಂಡಿಗಳನ್ನಂತೂ ಒಂದೂ ಬಿಡದೆ
ಸರಿಯಾದ ಕಾಜಕ್ಕೇ ಹಾಕಿಬಿಟ್ಟಿದ್ದಾನೆ ಶಿಲ್ಪಿ, ಪುಣ್ಯಾತ್ಮ.

ನಿನ್ನೆ ಕಣ್ಣಾಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದೆ.
ಎದುರಿಗೆ ಏಳೆಂಟು ವರ್ಷದ ಹುಡುಗಿ, ಅಜ್ಜನ ಪಕ್ಕ.
"ನಮ್ಮ ಸರದಿ ಬರುತ್ತದೋ ಇಲ್ಲವೋ?" ಅಜ್ಜ ಸಿಡುಕಿದ.
ಅವಳು ಬಾಗಿಲತ್ತ ನೋಡಿದಳು. ಬೆರಳು
ಸ್ವೆಟರಿನ ಗುಂಡಿಯನ್ನು ತಪ್ಪು ಕಾಜಕ್ಕೆ ತೂರಿಸುತ್ತಿತ್ತು.
ವಾರ್ಲಾಮ್ ಯಾರೆಂದು ಅವಳಿಗೆ ಗೊತ್ತಿರಲಾರದು.
ಅಮ್ಮನಿಂದಲೋ, ಅಮ್ಮನ ಅಮ್ಮನಿಂದಲೋ ಬಂದಿರಬೇಕು,
ನೆಗಡಿ ಬರುವಂತೆ, ನಡಿಗೆ ಬರುವಂತೆ.
ಸುಮ್ಮನಿದ್ದಳು.
ನನ್ನ ತುಟಿ ತಾನಾಗಿ ಅಲುಗಿತು, ಹಳೇ ಚಟ.
ಹಲ್ಲು ಕಚ್ಚಿ ತಡೆದುಕೊಂಡೆ.

ಅವನ ಊಟದ ಹೊತ್ತು ಅದು.