ಕಮ್ಮಿ ಹೊಡೆದವನು

ರಿಮೋಟು ಮೈದಾ ಡ್ರಮ್ಮಿಗೆ ಬಿದ್ದು ಸತ್ತ ದಿನದಿಂದ
ಬೇಕರಿಯ ಟೀವಿಯಲ್ಲಿ ಒಂದೇ ಚಾನೆಲ್ಲು.
ಮೊರ್ಡಿಯಾಲಕ್‌ನಲ್ಲಿ ರಾತ್ರಿ ಎರಡೂವರೆ;
ಅಮೆರಿಕದ ಯಾವುದೋ ಊರಲ್ಲಿ ನಡು ಮಧ್ಯಾಹ್ನ,
ಬಿಳಿ ಟೋಪಿಯವರು ಹಸಿರಿನ ಮೇಲೆ
ಸಾಲ ಕೇಳಲು ಹೊರಟವರ ಹಾಗೆ
ನಿಧಾನ ನಡೆಯುತ್ತಾರೆ.

ನಾನು ನಾದುತ್ತೇನೆ.
ಹಿಟ್ಟು ಉಬ್ಬಲು ನಲವತ್ತು ನಿಮಿಷ,
ಅಷ್ಟರಲ್ಲಿ ಅವರದು ಮೂರು ಗುಳಿ ಮುಗಿಯುವುದಿಲ್ಲ.

ಆಟ ಅರ್ಥವಾಯಿತೆಂದರೆ ಸುಳ್ಳಾಗುತ್ತದೆ.
ಗಾಳಿ ನೋಡಲು ಹುಲ್ಲು ಕಿತ್ತು ತೂರುವುದು ಗೊತ್ತು,
ಕಾಮೆಂಟರಿಯವರು ಮಗು ಮಲಗಿದ ಮನೆಯಲ್ಲಿದ್ದಂತೆ
ಪಿಸುಗುಡುವುದು ಗೊತ್ತು.
ಒಂದು ಕಮ್ಮಿಯಾದರೆ ಹಕ್ಕಿ, ಎರಡಾದರೆ ಹದ್ದು,
ಒಂದು ಹೆಚ್ಚಾದರೆ ಬೋಗಿ.
ನನಗೆ ಪ್ರತಿ ಸಲ ರೈಲೇ ನೆನಪಾಗುತ್ತದೆ.

ಒಟ್ಟಿನಲ್ಲಿ ಕಮ್ಮಿ ಹೊಡೆದವನೇ ಗೆದ್ದ ಹಾಗೆ.
ಇದನ್ನು ನಮ್ಮಪ್ಪ ಒಪ್ಪುತ್ತಿರಲಿಲ್ಲ.
ಹರಿಹರದ ಹೈಸ್ಕೂಲಿಗೆ ಡ್ರಿಲ್ ಮಾಸ್ತರು;
ಅವರ ಲೆಕ್ಕ ಬೇರೆ ಇತ್ತು,
ಅಂಗೈಗೆ ಗೊತ್ತು.

ನನ್ನವನೊಬ್ಬ ಇದ್ದಾನೆ, ವೆಂಡೆಲ್ ಪ್ರುವಿಟ್.
ಯಾಕೆ ನನ್ನವನು ಅಂದರೆ ಹೇಳಲಾರೆ.
ಮೊದಲ ಸಲ ನೋಡಿದಾಗ ಚೆಂಡನ್ನು ಕೊಳಕ್ಕೆ ಹೊಡೆದ,
ಇನ್ನೊಂದು ತೆಗೆದ, ಅದನ್ನೂ ಕೊಳಕ್ಕೇ ಹೊಡೆದ,
ಆಮೇಲೆ ಚೀಲ ಹೊರುವವನ ಹತ್ತಿರ
ಬಾಳೆಹಣ್ಣು ಈಸಿಕೊಂಡು ತಿಂದ.
ಅಷ್ಟೇ.
ಐದು ವರ್ಷವಾಯಿತು, ಏನೂ ಗೆದ್ದಿಲ್ಲ.
ಶುಕ್ರವಾರ ದಾಟಿದರೆ ಭಾನುವಾರದ ತನಕ ಇರುತ್ತಾನೆ,
ನಲವತ್ತನೆಯವನಾಗಿ, ಅರವತ್ತೊಂದನೆಯವನಾಗಿ.
ಕ್ಯಾಮೆರಾ ಅವನ ಮೇಲೆ ನಿಲ್ಲುವುದಿಲ್ಲ;
ಪರದೆಯ ಬುಡದಲ್ಲಿ ಓಡುವ ಹೆಸರುಗಳಲ್ಲಿ
ಈಗೀಗ ಥಾವೊ ಕೂಡ ಹುಡುಕುತ್ತಾಳೆ, ಕ್ರೀಮು ಸುತ್ತುತ್ತ:
"ನಿನ್ನ ಬಾಳೆಹಣ್ಣು ಹೋದ ನೋಡು, ಪ್ಲಸ್ ನಾಲ್ಕು."

ಹೋದ ಡಿಸೆಂಬರಿನಲ್ಲಿ ಅವನೇ ಬಂದ,
ಚೆಲ್ಟನ್‌ಹ್ಯಾಮ್ ಕಡೆಯ ಮರಳು ನೆಲಕ್ಕೆ,
ಬೇಕರಿಯಿಂದ ಹತ್ತು ನಿಮಿಷ.
ಮಾಲೀಕ ಸ್ತಾವ್ರೋಸ್ ಪಾಸು ಕೊಟ್ಟ, ರಜೆ ಕೊಡಲಿಲ್ಲ.
ಪಾಳಿ ಮುಗಿಸಿ, ನಿದ್ದೆಗೆಟ್ಟು ಹೋದೆ.
ದೊಡ್ಡ ಹೆಸರುಗಳ ಹಿಂದೆ ಸಕ್ಕರೆ ಕಂಡ ಇರುವೆಸಾಲು.
ಪ್ರುವಿಟ್‌ನ ಹಿಂದೆ ಒಂಬತ್ತು ಜನ.
ಒಬ್ಬಳು ಹೆಂಡತಿ ಇರಬೇಕು;
ಇನ್ನೊಬ್ಬ, ಟಾಯ್ಲೆಟ್ ಎಲ್ಲಿ ಎಂದು ಕೇಳಿದ.

ಹನ್ನೊಂದನೆಯ ಗುಳಿ. ಟೀ-ಟ್ರೀ ಪೊದೆಯ ಅಂಚಿಗೆ ನಾನು.
ಟಪ್.
ಚೆಂಡು ಬಂದು ನನ್ನ ಬೂಟಿಗೆ ಮೈ ತಾಗಿಸಿ ಕೂತಿತು,
ಪಕ್ಕದ ಮನೆ ಬೆಕ್ಕಿನ ಹಾಗೆ.
ಮುಟ್ಟಬಾರದು, ಅಷ್ಟು ಕಲಿತಿದ್ದೆ.
ಕಾಲು ಮೆಲ್ಲಗೆ ಹಿಂದೆಳೆದು
ಒದ್ದೆ ಬಟ್ಟೆ ಮುಚ್ಚಿದ ಹಿಟ್ಟನ್ನು ಕಾಯುವ ಹಾಗೆ ಕಾದೆ.

ಬಂದ. ಟೀವಿಯಲ್ಲಿ ಕಂಡಷ್ಟು ಎತ್ತರವಿಲ್ಲ. ಕತ್ತು ಸುಟ್ಟಿತ್ತು.
ಮೂಗಿನ ಮೇಲಿನ ಬಿಳಿ ಕ್ರೀಮು ಸರಿಯಾಗಿ ಹರಡಿರಲಿಲ್ಲ.
ಐದು ವರ್ಷದ ಮಾತು ಗಂಟಲಲ್ಲಿತ್ತು:
ಆ ಕೊಳ, ಆ ಬಾಳೆಹಣ್ಣು,
ನೀನು ಶುಕ್ರವಾರ ದಾಟಿದ ರಾತ್ರಿಗಳಲ್ಲಿ
ನನ್ನ ಬನ್ನುಗಳು ಹೇಗೆ…
ಕಾವಲಿನ ಮುದುಕಿ 'ಸದ್ದು ಬೇಡ' ಎಂಬ ಹಲಗೆ ಎತ್ತಿದಳು.

"ಇಲ್ಲಿದೆ" ಅಂದೆ.
"ಥ್ಯಾಂಕ್ಸ್, ಸರ್" ಅಂದ.
ಹೊಡೆದ. ಕೊಂಬೆಗೆ ತಾಗಿ ನಾಲ್ಕು ಮಾರಿನಾಚೆ ಬಿತ್ತು.
ಮತ್ತೆ ಹೊಡೆದ.
ಆ ಗುಳಿ ಮುಗಿಯುವಷ್ಟರಲ್ಲಿ ರೈಲಿಗೆ ಎರಡು ಬೋಗಿ.

ನನ್ನ ಬೂಟು ಅಲ್ಲಿರದಿದ್ದರೆ ಉರುಳಿಕೊಂಡು
ಬಯಲಿಗೆ ಬರುತ್ತಿತ್ತೇನೋ ಎಂಬ ಅನುಮಾನ
ಬಸ್ಸಿನುದ್ದಕ್ಕೂ.

ಶುಕ್ರವಾರ ದಾಟಲಿಲ್ಲ ಅವನು,
ಒಂದೇ ಒಂದು ಹೊಡೆತಕ್ಕೆ.

ಮಾತಾಡಿಸಿದೆ ಕಣೇ ಎಂದೆ ಥಾವೊಗೆ.
"ಏನಂದ?"
"ಸರ್ ಅಂದ."
ಅವಳು ಕ್ರೀಮಿನ ಚೀಲ ಕೆಳಗಿಟ್ಟು,
ಗಾಳಿಗೊಮ್ಮೆ ಮೂಗೆತ್ತಿ,
"ಸರ್, ನಿಮ್ಮ ಮೂರನೇ ಟ್ರೇ ಸೀದಿದೆ" ಅಂದಳು.